ಮೆಟ್ಟಿಲ ಕೆಳಗಿನ ಟಾಯ್ಲೆಟ್‌ನಲ್ಲಿ ಅಜ್ಜಿಗೊಂದು ಸ್ನಾನದ ಜಾಗ: ವಿಜಯನಗರದ ಒಂದು ಮನೆಯ ಪ್ರಕರಣ

ಬೆಂಗಳೂರಿನ ವಿಜಯನಗರದ 30×40 ಅಡಿ ಸೈಟಿನ ಮನೆ. ಕಟ್ಟಿ ಸುಮಾರು 30 ವರ್ಷ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ. ಕೆಳಗೆ ಹಾಲ್, ಅಡುಗೆಮನೆ, ದೇವರಮನೆ, ಒಂದು ಚಿಕ್ಕ ರೂಮು. ಉಳಿದ ರೂಮುಗಳೂ ಬಚ್ಚಲೂ ಮೇಲಿನ ಮಹಡಿಯಲ್ಲಿ. ಮನೆಯ ಹಿರಿಯರಾದ 78 ವರ್ಷದ ಅಜ್ಜಿ ಜಾರಿ ಬಿದ್ದು ಎಡಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಹಿಡಿದು ಓಡಾಡುತ್ತಾರೆ, ಮೆಟ್ಟಿಲು ಹತ್ತುವ ಹಾಗಿಲ್ಲ. ಕೆಳಗಿನ ರೂಮಿನಲ್ಲೇ ವಾಸ. ಅಲ್ಲಿಗೆ ಹತ್ತಿರವಿದ್ದದ್ದು ಮೆಟ್ಟಿಲ ಕೆಳಗಿನ ಟಾಯ್ಲೆಟ್ ಒಂದೇ: 4 ಅಡಿ ಅಗಲ, ಆರೂವರೆ ಅಡಿ ಉದ್ದ, ಒಂದು ಕಮೋಡ್, ಒಂದು ವಾಶ್‌ಬೇಸಿನ್.

ಮನೆಯವರು ಕೇಳಿದ್ದು "ಅಲ್ಲೊಂದು ಶವರ್ ಹಾಕಿಕೊಡಿ" ಅಂತ. ಮೊದಲು ಬಂದ ಪ್ಲಂಬರ್ ಒಂದೇ ದಿನದ ಕೆಲಸ ಎಂದಿದ್ದರು: ಬೇಸಿನ್‌ನ ಪೈಪಿಗೆ ಟೀ ಜಾಯಿಂಟ್ ಹಾಕಿ ಶವರ್‌ಗೆ ಲೈನ್ ಎಳೆಯುವುದು, ನೀರು ಹಳೆಯ ನಹಾನಿ ಟ್ರ್ಯಾಪಿಗೇ (ನೆಲದ ನೀರು ಹೊರಹೋಗುವ ಬಾಯಿ) ಹೋಗಲಿ ಎಂದು ಬಿಡುವುದು. ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು: "ನಿಂತ್ಕೊಂಡು ತಲೆ ಮೇಲೆ ಮಳೆ ಸುರಿಸ್ಕೊಳ್ಳೋದು ನಂಗೆ ಆಗಲ್ಲಮ್ಮ. ಕೂತ್ಕೊಂಡು ನಾಲ್ಕು ಚೊಂಬು ಹುಯ್ಕೊಂಡ್ರೆ ಸಾಕು." ಶನಿವಾರ ಎಣ್ಣೆಸ್ನಾನವೂ ಆಗಬೇಕು, ಬೆನ್ನಿಗೆ ಸೀಗೆಪುಡಿ ಹಾಕಿ ಉಜ್ಜಲು ಸೊಸೆ ಜೊತೆಗಿರಬೇಕು. ಈ ಮಾತಿನಿಂದ ಇಡೀ ನಕ್ಷೆಯೇ ಬದಲಾಯಿತು. ಕೂತು ಸ್ನಾನ ಮಾಡುವವರು, ಪಕ್ಕದಲ್ಲಿ ನಿಂತು ನೀರೆರೆಯುವವರು, ಒಂದೇ ಸಲಕ್ಕೆ ಬಕೆಟ್ಟುಗಟ್ಟಲೆ ಸುರಿಯುವ ನೀರು, ಎಣ್ಣೆ ಬಿದ್ದ ನೆಲ. ಶವರ್ ಎಲ್ಲಿ ಎಂಬುದಕ್ಕಿಂತ ಮೊದಲು ಕುರ್ಚಿ ಎಲ್ಲಿ ಎಂದು ತೀರ್ಮಾನವಾಗಬೇಕಿತ್ತು.

ಕುರ್ಚಿಯ ಜಾಗ

ಕೋಣೆಯ ಒಂದು ತುದಿ ಮೆಟ್ಟಿಲಿನ ಲ್ಯಾಂಡಿಂಗ್ ಅಡಿಯಲ್ಲಿದೆ. ಅಲ್ಲಿ ಹಳೆಯ ನೆಲದಿಂದ ಮೇಲ್ಭಾಗಕ್ಕೆ 7 ಅಡಿ. ಆ ತುದಿಯಿಂದ ಮೂರೂವರೆ ಅಡಿಯವರೆಗೆ ಅದೇ ಎತ್ತರ, ಅಲ್ಲಿಂದಾಚೆ ಮೆಟ್ಟಿಲಿನ ಸ್ಲ್ಯಾಬ್ ಇಳಿಯುತ್ತಾ ಹೋಗಿ ಇನ್ನೊಂದು ತುದಿಯಲ್ಲಿ 5 ಅಡಿ 3 ಇಂಚು. ಕಮೋಡ್ ಎತ್ತರದ ತುದಿಯಲ್ಲಿ, ಬೇಸಿನ್ ತಗ್ಗಿನ ತುದಿಯಲ್ಲಿ ಇದ್ದವು.

ನಿಂತು ಸ್ನಾನ ಮಾಡುವವರಿಗೆ ತಗ್ಗಿನ ತುದಿ ಉಪಯೋಗಕ್ಕೆ ಬಾರದು. ಕೂತವರಿಗೆ ಅದು ಧಾರಾಳ. 18 ಇಂಚಿನ ಕುರ್ಚಿಯಲ್ಲಿ ಕೂತ ಅಜ್ಜಿಯ ನೆತ್ತಿ ನೆಲದಿಂದ ಸುಮಾರು ನಾಲ್ಕೂಕಾಲು ಅಡಿಗೆ ಬರುತ್ತದೆ. ಆದ್ದರಿಂದ ಬೇಸಿನ್ ತೆಗೆದು ಹೊರಗಿನ ಪ್ಯಾಸೇಜಿಗೆ ಹಾಕಲಾಯಿತು. ಕುರ್ಚಿ ತಗ್ಗಿನ ಗೋಡೆಗೆ ಬೆನ್ನು ಕೊಟ್ಟು ಕಮೋಡ್‌ಗೆ ಎದುರಾಗಿ ನಿಂತಿತು. ಏಳುವಾಗ ಮನುಷ್ಯ ಮುಂದಕ್ಕೆ ಬಾಗಿ ಏಳುತ್ತಾನೆ, ಮುಂದೆ ಎತ್ತರ ಹೆಚ್ಚುತ್ತಾ ಹೋಗುತ್ತದೆ, ತಲೆ ತಗಲುವುದಿಲ್ಲ. ಸೊಸೆ ನಿಲ್ಲುವುದು ಎತ್ತರದ ಭಾಗದಲ್ಲಿ. ಕಮೋಡ್‌ನಿಂದ ಕುರ್ಚಿಗೆ ಎರಡೇ ಹೆಜ್ಜೆ.

ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ನೆಲ ಹಾಲ್‌ಗಿಂತ 4 ಇಂಚು ಕೆಳಗಿತ್ತು. ವಾಕರ್ ಹಿಡಿದವರಿಗೆ ಆ ಇಳಿತ ಅಪಾಯ, ನೆಲ ಎತ್ತರಿಸಲೇಬೇಕು. ಎತ್ತರಿಸಿದಷ್ಟೂ ತಲೆಯ ಮೇಲಿನ ಜಾಗ ಕಡಿಮೆಯಾಗುತ್ತದೆ. ಹೊಸ ನೆಲದಿಂದ ಲೆಕ್ಕ ಹಾಕಿದರೆ ಎತ್ತರದ ತುದಿ 6 ಅಡಿ 8 ಇಂಚು, ತಗ್ಗಿನ ತುದಿ 5 ಅಡಿ. ಕೂತ ತಲೆಯ ನೇರಕ್ಕೆ, ಅಂದರೆ ಗೋಡೆಯಿಂದ 14 ಇಂಚು ಮುಂದೆ, 5 ಅಡಿ 8 ಇಂಚು. ಇದನ್ನು ಕಾಗದದ ಮೇಲೆ ಬರೆದು ನೋಡದೆ ಸುತ್ತಿಗೆ ಎತ್ತಬಾರದು.

ನೀರು ಹೋಗುವ ದಾರಿ

ಹಳೆಯ ಟ್ರ್ಯಾಪಿಗೆ ಒಂದು ಬಕೆಟ್ ನೀರು ಸುರಿದು ನೋಡಿದಾಗ ಅದು ಇಂಗಲು 4 ನಿಮಿಷ ಹಿಡಿಯಿತು. ಬೇಸಿನ್ ನೀರಿಗೆಂದು ಹಾಕಿದ್ದ 2 ಇಂಚಿನ ಪೈಪ್, ಅದರೊಳಗೆ ಅರ್ಧ ಗಾರೆ. ವಾಸನೆ, ಹುಳ ತಡೆಯಲು ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು (ಸೀಲ್) ಒಂದು ಇಂಚೂ ಇರಲಿಲ್ಲ, ಜಿರಲೆ ಬರುತ್ತಿದ್ದದ್ದು ಅಲ್ಲಿಂದಲೇ. ಹ್ಯಾಂಡ್ ಶವರ್ ನಿಮಿಷಕ್ಕೆ 6ರಿಂದ 8 ಲೀಟರ್ ಬಿಡುತ್ತದೆ. ಬಕೆಟ್ ಮಗುಚಿದರೆ 18 ಲೀಟರ್ ಒಟ್ಟಿಗೇ ಬರುತ್ತದೆ. ಪೈಪನ್ನು ಎರಡನೆಯದಕ್ಕೆ ತಕ್ಕಂತೆ ಹಾಕಬೇಕು. ಹಾಗಾಗಿ ಹಳೆಯ ಟ್ರ್ಯಾಪ್ ಕಿತ್ತು ಹೊಸ ಲೈನ್ ಹಾಕುವುದೆಂದಾಯಿತು.

ಹೊರಗೋಡೆಯ ಆಚೆಗೆ ಯುಟಿಲಿಟಿ (ಪಾತ್ರೆ-ಬಟ್ಟೆ ತೊಳೆಯುವ ಜಾಗ), ಅದರ ಮೂಲೆಯಲ್ಲಿ ಒಳಚರಂಡಿಯ ಚೇಂಬರ್. ಮುಚ್ಚಳ ತೆಗೆದು ಅಳೆದಾಗ ಚೇಂಬರಿನ ತಳ ನೆಲಮಟ್ಟದಿಂದ 22 ಇಂಚು ಕೆಳಗೆ. ಟಾಯ್ಲೆಟ್ಟಿನ ಹಳೆಯ ನೆಲ ನೆಲಮಟ್ಟದಿಂದ 14 ಇಂಚು ಮೇಲೆ. ಒಟ್ಟು 36 ಇಂಚು ಇಳಿತ ಕೈಗೆ ಸಿಗುತ್ತದೆ, ಕೊರತೆಯಿಲ್ಲ. ಕುರ್ಚಿಯ ಹಿಂದಿನಿಂದ ಹೊರಗಿನವರೆಗೆ ಸುಮಾರು 10 ಅಡಿ ಉದ್ದದ 75 ಮಿಮೀ ಪಿವಿಸಿ ಪೈಪ್, 40ಕ್ಕೆ 1ರ ವಾಟ (ಇಳಿಜಾರು), ಅಂದರೆ 10 ಅಡಿಗೆ 3 ಇಂಚು. ವಾಟ ಇದಕ್ಕಿಂತ ಕಡಿಮೆಯಾದರೆ ಸೀಗೆಪುಡಿಯ ಗಸಿ ಪೈಪಿನ ತಳದಲ್ಲೇ ಕೂರುತ್ತದೆ.

ಪೈಪ್ ಪಾಯದ ಗೋಡೆ ದಾಟುವ ಕಡೆ ಕಾಂಕ್ರೀಟ್ ಪಟ್ಟಿಯನ್ನು ಮುಟ್ಟಲಿಲ್ಲ. ಅದರ ಕೆಳಗೆ ಸೈಜುಗಲ್ಲಿನಲ್ಲಿ ಯಂತ್ರದಿಂದ ದುಂಡಗೆ ಕೊರೆಯುವ 4 ಇಂಚಿನ ಕೋರ್ ಕಟಿಂಗ್ ಮಾಡಿಸಲಾಯಿತು. ಉಳಿ ಸುತ್ತಿಗೆಯಲ್ಲಿ ಕಲ್ಲು ಅಲುಗಾಡಿಸಿದರೆ ಮೇಲಿನ ಗೋಡೆಗೆ ಬಿರುಕು. ಪೈಪಿನ ಅಡಿಗೂ ಸುತ್ತಲೂ ಎಂ-ಸ್ಯಾಂಡ್ ತುಂಬಿ, ತೆಗೆದ ಮಣ್ಣನ್ನು ಆರಾರು ಇಂಚಿನ ಪದರವಾಗಿ ನೀರು ಹಾಕಿ ದಿಮ್ಮಸು ಮಾಡಿ (ಬಡಿದು ಗಟ್ಟಿಮಾಡಿ), ಮೇಲೆ ಬೆಡ್ ಕಾಂಕ್ರೀಟ್. ಕೆಳಮನೆಯ ನೆಲ ಕೂತಿರುವುದು ಭರ್ತಿ ಮಣ್ಣಿನ ಮೇಲೆ. ದಿಮ್ಮಸು ಸರಿಯಾಗದಿದ್ದರೆ ಆರು ತಿಂಗಳಲ್ಲಿ ನೆಲ ಕುಸಿದು ಟೈಲ್ ಟೊಳ್ಳಾಗಿ ಸದ್ದು ಮಾಡುತ್ತದೆ.

ಸ್ನಾನದ ನೀರನ್ನು ನೇರ ಚೇಂಬರಿಗೆ ಬಿಡದೆ ಗಲ್ಲಿ ಟ್ರ್ಯಾಪಿನ (ಚೇಂಬರಿಗೆ ಮೊದಲು ಹೊರಗೆ ಕೂರಿಸುವ ಇನ್ನೊಂದು ಟ್ರ್ಯಾಪು) ಮೂಲಕ ಬಿಡಲಾಯಿತು. ಒಳಗಿನ ಟ್ರ್ಯಾಪಿಗೆ 50 ಮಿಮೀ ನೀರಿನ ಸೀಲ್. ಎರಡು ಸೀಲ್ ಇದ್ದಾಗ ವಾಸನೆಗೂ ಹುಳಕ್ಕೂ ದಾರಿಯಿಲ್ಲ.

ಚೇಂಬರ್ ತೆರೆದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಟೆರೇಸಿನ ಮಳೆನೀರಿನ ಪೈಪೂ ಅದಕ್ಕೇ ಸೇರಿತ್ತು. ಬೆಂಗಳೂರಿನ ಹಳೆಯ ಮನೆಗಳಲ್ಲಿ ಇದು ತುಂಬ ಸಾಮಾನ್ಯ. ಜಲಮಂಡಳಿ ಇದಕ್ಕೆ ಅವಕಾಶ ಕೊಡುವುದಿಲ್ಲ, ಕಾರಣವೂ ಸರಿಯಾಗಿದೆ: ಏಪ್ರಿಲ್-ಮೇ ತಿಂಗಳ ಒಂದು ಜೋರು ಮಳೆಗೆ ಚೇಂಬರ್ ತುಂಬಿದರೆ ನೀರು ಮನೆಯೊಳಗಿನ ಅತಿ ತಗ್ಗಿನ ರಂಧ್ರ ಹುಡುಕಿಕೊಂಡು ಬರುತ್ತದೆ. ಇನ್ನು ಮುಂದೆ ಆ ರಂಧ್ರ ಅಜ್ಜಿಯ ಕುರ್ಚಿಯ ಹಿಂದೆಯೇ ಇರುತ್ತಿತ್ತು. ಮಳೆಪೈಪನ್ನು ಬೇರ್ಪಡಿಸಿ ಇಂಗುಗುಂಡಿಗೆ ತಿರುಗಿಸಿ, ರಸ್ತೆ ಕಡೆಗೆ ಹೋಗುವ ಲೈನಿನಲ್ಲಿ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಲಾಯಿತು. ಆ ವಾಲ್ವ್ ಮಣ್ಣಲ್ಲಿ ಹೂತುಹೋಗಬಾರದು. ಕೈ ಹಾಕಿ ತೊಳೆಯುವಂತೆ ಸಣ್ಣ ಚೇಂಬರಿನೊಳಗೆ ಇರಬೇಕು.

ನೆಲದ ವಾಟ

ಸಾಮಾನ್ಯ ಬಚ್ಚಲಲ್ಲಿ ನಾಲ್ಕೂ ಕಡೆಯಿಂದ ಒಂದು ಜಾಲರಿಗೆ ವಾಟ ಕೊಡುತ್ತಾರೆ. ಅಂಥ ನೆಲದ ಮೇಲೆ ಕುರ್ಚಿಯ ಒಂದು ಕಾಲು ಯಾವಾಗಲೂ ಗಾಳಿಯಲ್ಲಿ. ಕೂತವರು ಬಲಕ್ಕೆ ವಾಲಿದರೆ ಕುರ್ಚಿಯೂ ಕುಲುಕುತ್ತದೆ, ಭಯಕ್ಕೆ ಗೋಡೆ ಹಿಡಿಯಲು ಹೋಗುತ್ತಾರೆ, ಅಲ್ಲೇ ಜಾರುವುದು. ಇಲ್ಲಿ ಇಡೀ ನೆಲಕ್ಕೆ ಒಂದೇ ಹಲಗೆಯಂತೆ ಒಂದೇ ದಿಕ್ಕಿನ ವಾಟ: ಕಮೋಡ್ ತುದಿ ಹಾಲ್ ಮಟ್ಟಕ್ಕೆ ಸಮ, ಕುರ್ಚಿಯ ಹಿಂದಿನ ಗೋಡೆಯ ಬುಡ ಒಂದೂಕಾಲು ಇಂಚು ಕೆಳಗೆ. ಲೆಕ್ಕಕ್ಕೆ 60ಕ್ಕೆ 1. ಆ ಗೋಡೆಯ ಬುಡದುದ್ದಕ್ಕೂ 3 ಅಡಿಯ ಸ್ಟೀಲ್ ಉದ್ದ ಜಾಲರಿ. ನಾಲ್ಕು ಕಾಲೂ ನೆಲ ಮುಟ್ಟುತ್ತವೆ, ಕುರ್ಚಿ ಹಿಂದಕ್ಕೆ ಒಂದಿಷ್ಟೇ ಒರಗುತ್ತದೆ, ಅದು ಒಳ್ಳೆಯದೇ.

ಬಾಗಿಲು ಎತ್ತರದ ತುದಿಗೆ ಹತ್ತಿರವಿರುವುದರಿಂದ ಹೊಸ್ತಿಲಿನಲ್ಲಿ ಇಳಿತ ಒಂದು ಕಡೆ ಕಾಲಿಂಚು, ಇನ್ನೊಂದು ಕಡೆ ಮುಕ್ಕಾಲು ಇಂಚಿಗೆ ಸ್ವಲ್ಪ ಕಡಿಮೆ. ಗ್ರಾನೈಟ್ ಪಟ್ಟಿಯ ಅಂಚನ್ನು ಓರೆಯಾಗಿ ತೇಯಿಸಿ ಕೂರಿಸಿದರೆ ವಾಕರಿನ ಚಕ್ರ ತಡೆಯುವುದಿಲ್ಲ. ಬಾಗಿಲಿನಿಂದ ಎದುರು ಗೋಡೆಯ ಕಡೆಗೆ ಅಡ್ಡಕ್ಕೂ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ವಾಟ ಕೊಟ್ಟರೆ ಸಿಡಿದ ನೀರು ಹಾಲ್‌ಗೆ ಬರುವುದಿಲ್ಲ. ರಸಮಟ್ಟವನ್ನು (ಸ್ಪಿರಿಟ್ ಲೆವೆಲ್) ಟೈಲ್ ಹಾಕುವಾಗ ಇಟ್ಟರೆ ಸಾಲದು, ಗಾರೆ ನೆಲ ಹಾಕುವಾಗಲೇ ಇಡಬೇಕು.

ವಾಟರ್‌ಪ್ರೂಫಿಂಗ್ ಯಾವ ಪದರದ ಮೇಲೆ ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ತಳದಲ್ಲಿ ಕೋಟಿಂಗ್ ಮಾಡಿ, ಮೇಲೆ 3 ಇಂಚು ಗಾರೆ ಹಾಕಿ ವಾಟ ಕೊಟ್ಟರೆ ಆ ಗಾರೆಯೇ ಸ್ಪಂಜಿನ ಹಾಗೆ ನೀರು ಕುಡಿದು ಕೂರುತ್ತದೆ, ಪಕ್ಕದ ಗೋಡೆಗೆ ಒದ್ದೆ ಏರುತ್ತದೆ. ಮೊದಲು ವಾಟದ ಗಾರೆ, ಅದರ ಮೇಲೆ ಕೋಟಿಂಗ್, ಅದರ ಮೇಲೆ ಟೈಲ್ ಅಂಟು, ಟೈಲ್. ಇದೇ ಕ್ರಮ. ಗೋಡೆ-ನೆಲ ಸೇರುವ ಮೂಲೆಗೆ ದುಂಡಗೆ ಗಾರೆ ತುಂಬಿ ಫೈಬರ್ ಬಲೆ ಅಂಟಿಸಿ, ಸಿಮೆಂಟ್-ಪಾಲಿಮರ್ ಕೋಟಿಂಗ್ ಎರಡು ಸಲ: ಮೊದಲನೆಯದು ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಕಮೋಡ್ ಕಡೆ ಗೋಡೆಗೆ ಒಂದಡಿ ಸಾಕು. ಕುರ್ಚಿಯ ಮೂರೂ ಕಡೆ ಮೇಲ್ಭಾಗದವರೆಗೆ. ಒಟ್ಟು ನೂರು ಚದರಡಿ, 20 ಕೆಜಿಯ ಒಂದು ಪ್ಯಾಕ್ ಆಯಿತು.

ನೀರು ನಿಲ್ಲಿಸಿ ನೋಡುವ ಪರೀಕ್ಷೆಯಲ್ಲಿ ಕೆಲಸ ಕೈಕೊಟ್ಟಿತು. ಜಾಲರಿಯ ಬಾಯಿ ಕಟ್ಟಿ, ಹೊಸ್ತಿಲಿಗೆ ಇಟ್ಟಿಗೆ ಅಡ್ಡ ಇಟ್ಟು, ನಾಲ್ಕೈದು ಬಕೆಟ್ ಬೋರ್‌ವೆಲ್ ನೀರು ತುಂಬಿ, ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿ ಬಿಡಲಾಗಿತ್ತು. (2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಬಾರದೆಂದು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು, ಕಾವೇರಿ ನೀರನ್ನು ಇಂಥದಕ್ಕೆ ಸುರಿಯದಿರುವುದೇ ಒಳ್ಳೆಯ ರೂಢಿ.) ಒಂದು ದಿನಕ್ಕೆ ಎರಡು ಮೂರು ಮಿಲಿಮೀಟರ್ ಆರುವುದು ಸಹಜ. ಇಲ್ಲಿ 12 ಮಿಮೀ ಇಳಿದಿತ್ತು. ಕಾರಣ ಹುಡುಕಲು ನೀರನ್ನು ಕಪ್ ಕಪ್ಪಾಗಿ ತೆಗೆಯುತ್ತಾ ಬಂದಾಗ, ಜಾಲರಿಯ ಪಿವಿಸಿ ಕಾಲರ್ (ಸುತ್ತಂಚು) ಮಟ್ಟಕ್ಕಿಂತ ಕೆಳಗೆ ಬಂದ ಕೂಡಲೆ ಸೋರಿಕೆ ನಿಂತಿತು. ಸಿಮೆಂಟ್ ಕೋಟಿಂಗ್ ನುಣುಪಾದ ಪಿವಿಸಿಗೆ ಅಂಟುವುದಿಲ್ಲ. ಒಣಗುತ್ತಲೇ ಕೂದಲೆಳೆಯಷ್ಟು ಬಿಟ್ಟುಕೊಳ್ಳುತ್ತದೆ. ಕಾಲರ್ ಸುತ್ತ ಒಂದಂಗುಲ ಕೆತ್ತಿ, ಪಿವಿಸಿಯನ್ನು ಎಮರಿ ಕಾಗದದಲ್ಲಿ ಗೀರಿ, ಪಿವಿಸಿ ಅಂಟು ಬಳಿದು ಅದು ಹಸಿಯಿರುವಾಗಲೇ ಒಣ ಮರಳು ಉದುರಿಸಿ ಒರಟು ಮಾಡಿ, ಪಾಲಿಯುರೆಥೇನ್ ಸೀಲೆಂಟ್ ತುಂಬಿ, ಬಲೆಯ ಸಮೇತ ಮತ್ತೆ ಎರಡು ಕೋಟ್. ಎರಡನೇ ಸಲ 48 ಗಂಟೆ ನಿಲ್ಲಿಸಿದರೂ ಸಹಜವಾಗಿ ಆರುವುದಕ್ಕಿಂತ ಹೆಚ್ಚು ನೀರು ಇಳಿಯಲಿಲ್ಲ. ಟೈಲ್ ಹಾಕಿದ ಮೇಲೆ ಇದು ಗೊತ್ತಾಗಿದ್ದರೆ ಇಡೀ ನೆಲ ಒಡೆಯಬೇಕಿತ್ತು.

ಟೈಲ್ ಆರಿಸುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಟೈಲ್ ಮೇಲೆ ನೀರು, ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಬರಿಗಾಲಲ್ಲಿ ಒತ್ತಿ ಎಳೆದು ನೋಡುವುದು. ಪೆಟ್ಟಿಗೆಯ ಮೇಲೆ ಆಂಟಿ-ಸ್ಕಿಡ್ ಎಂದಿದ್ದ ಎರಡು ಬಗೆ ಈ ಪರೀಕ್ಷೆಯಲ್ಲಿ ಜಾರಿದವು. ಆಯ್ದದ್ದು ಜಾರದಿರುವಿಕೆಯಲ್ಲಿ ಆರ್11 ದರ್ಜೆಯ ಒಂದಡಿ ಚದರದ ಬೂದು ಬಣ್ಣದ ಟೈಲ್. ಚಿಕ್ಕ ಟೈಲಾದರೆ ನಡುವಿನ ಸಂದು ಹೆಚ್ಚು, ಕಾಲಿಗೆ ಹಿಡಿತ ಹೆಚ್ಚು. ಬೂದು ನೆಲದ ಮೇಲೆ ಬಿಳಿ ಕಮೋಡ್ ಎದ್ದು ಕಾಣುತ್ತದೆ; ಕಣ್ಣು ಮಂಜಾದವರಿಗೆ ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಸಂದುಗಳಿಗೆ ಎಪಾಕ್ಸಿ ತುಂಬಬೇಕು; ಸಿಮೆಂಟ್ ತುಂಬಿದರೆ ಅದು ಎಣ್ಣೆ ಹೀರಿ ಕಪ್ಪಾಗುತ್ತದೆ.

ಹಿಡಿಕೆ ಮತ್ತು ಬಾಗಿಲು

ಅಜ್ಜಿಯ ಎಡಗಾಲಿಗೆ ಬಲ ಕಡಿಮೆ, ಬಲಗೈಯಲ್ಲಿ ಹಿಡಿದು ಏಳುತ್ತಾರೆ. ಕಮೋಡ್ ಮೇಲೆ ಕೂತಾಗ 9 ಇಂಚಿನ ಹೊರಗೋಡೆ ಅವರ ಬಲಕ್ಕಿದೆ; ಎದುರಿನ ಕುರ್ಚಿಯಲ್ಲಿ ಕೂತಾಗ ಅದೇ ಗೋಡೆ ಎಡಕ್ಕೆ. ಒಂದೇ ಹಿಡಿಕೆ ಎರಡಕ್ಕೂ ಆಗುತ್ತದೆ ಎಂದುಕೊಂಡಿದ್ದರೆ ಕುರ್ಚಿಯಿಂದ ಏಳುವಾಗ ಬಲಗೈಗೆ ಏನೂ ಸಿಗುತ್ತಿರಲಿಲ್ಲ. ಹೊರಗೋಡೆಗೆ ನೆಲದಿಂದ 30 ಇಂಚು ಎತ್ತರದಲ್ಲಿ 4 ಅಡಿಯ ಅಡ್ಡ ಹಿಡಿಕೆ, ಕೆಮಿಕಲ್ ಆಂಕರ್ (ರಾಸಾಯನಿಕ ಅಂಟಿನಲ್ಲಿ ಕೂರಿಸುವ ಬೋಲ್ಟ್) ಹಾಕಿ. ಕುರ್ಚಿಯ ಬಲಕ್ಕಿರುವುದು ನಾಲ್ಕೂವರೆ ಇಂಚಿನ ಅಡ್ಡಗೋಡೆ. ಅದರಲ್ಲಿ ಪ್ಲಾಸ್ಟಿಕ್ ಪ್ಲಗ್ಗು ನಿಲ್ಲುವುದಿಲ್ಲ, ಇಟ್ಟಿಗೆ ಸಮೇತ ಕಿತ್ತು ಬರುತ್ತದೆ. ಆ ಕಡೆ ಗೋಡೆಯ ಆರಪಾರು ಬೋಲ್ಟ್ ತೂರಿಸಿ, ಪ್ಯಾಸೇಜ್ ಕಡೆ 5 ಮಿಮೀ ದಪ್ಪದ ಸ್ಟೀಲ್ ಪ್ಲೇಟ್ ಕೊಟ್ಟು ಬಿಗಿದು, ಮೇಲೆ ಗಾರೆ ಮಾಡಲಾಯಿತು. ಹಿಡಿಕೆ 304 ಸ್ಟೀಲ್, 32 ಮಿಮೀ ದಪ್ಪ, ಗೋಡೆಯಿಂದ 40 ಮಿಮೀ ದೂರ. ಹೆಚ್ಚು ಬಿಟ್ಟರೆ ಬಿದ್ದಾಗ ಕೈ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಇಬ್ಬರು ಮೇಸ್ತ್ರಿಗಳು ಒಟ್ಟಿಗೆ ಜೋತುಬಿದ್ದು ನೋಡಿದರು. ಟವೆಲ್ ರಾಡು, ಗಾಳಿ ಹೀರಿ ಅಂಟುವ ಹಿಡಿಕೆ ಇವನ್ನು ಇಂಥ ಜಾಗದಲ್ಲಿ ಹಾಕಲೇಬಾರದು, ವಯಸ್ಸಾದವರು ನಂಬಿ ಹಿಡಿಯುತ್ತಾರೆ.

ಬಾಗಿಲು 2 ಅಡಿಯದಿತ್ತು, ಒಳಕ್ಕೆ ತೆರೆಯುತ್ತಿತ್ತು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ತೆರೆಯುವುದು ಹೇಗೆ? ಎರಡೂವರೆ ಅಡಿಯ ಚೌಕಟ್ಟು, ಹೊರಕ್ಕೆ ತೆರೆಯುವ ಬಾಗಿಲು, ಹೊರಗಿನಿಂದ ನಾಣ್ಯದಲ್ಲಿ ತಿರುಗಿಸಬಹುದಾದ ಚಿಲಕ. ಗೋಡೆ ಅಗಲಿಸುವ ಮೊದಲು ಮೆಟ್ಟಿಲಿನ ಭಾರ ಅದರ ಮೇಲಿಲ್ಲವೆಂದು ಎಂಜಿನಿಯರ್ ನೋಡಿ ಹೇಳಿದರು. ಆನಂತರ ಆಸರೆ ಕೊಟ್ಟು, ಎರಡೂ ಕಡೆ 6 ಇಂಚು ಕೂರುವ ಹೊಸ ಲಿಂಟೆಲ್ ಹಾಕಲಾಯಿತು.

ಬಿಸಿನೀರು

ಟೆರೇಸಿನಲ್ಲಿ ಸೋಲಾರ್ ಇದೆ. ಅಲ್ಲಿಂದ ಕೆಳಗೆ ಸುಮಾರು 14 ಮೀಟರ್ ಮುಕ್ಕಾಲಿಂಚಿನ ಪೈಪ್. ಬಿಸಿ ಬರುವಷ್ಟರಲ್ಲಿ ಮೂರೂವರೆ ಲೀಟರ್ ತಣ್ಣೀರು ಬಿಡಬೇಕು, ಮೋಡ ಕವಿದ ಜುಲೈ-ಆಗಸ್ಟ್‌ನಲ್ಲಿ ಅದೂ ಇಲ್ಲ. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್ ಚಳಿಗಾಲದ 20 ಡಿಗ್ರಿ ನೀರನ್ನು 40 ಡಿಗ್ರಿಗೆ ತರುವುದಾದರೆ ನಿಮಿಷಕ್ಕೆ ಎರಡು ಲೀಟರಿಗೆ ಸ್ವಲ್ಪ ಹೆಚ್ಚು ಕೊಡಬಲ್ಲದು, ಬರೀ ಹನಿ. ಆಯ್ದದ್ದು 15 ಲೀಟರಿನ ಸ್ಟೋರೇಜ್ ಗೀಸರ್, 2 ಕಿಲೋವ್ಯಾಟ್. 60 ಡಿಗ್ರಿಗೆ ಕಾಯಲು ಸುಮಾರು 20 ನಿಮಿಷ. ತಣ್ಣೀರು ಬೆರೆಸಿದರೆ 30 ಲೀಟರ್ ಹದವಾದ ನೀರು, ಕೂತು ಸ್ನಾನಕ್ಕೆ ಸಾಕು. ಎಣ್ಣೆಸ್ನಾನದ ದಿನ ಎರಡು ಸಲ ಕಾಯಿಸಬೇಕು.

ಗೀಸರನ್ನು ಒಳಗಿಡದೆ ಯುಟಿಲಿಟಿಯ ಗೋಡೆಗೆ ಹಾಕಿದ್ದರಿಂದ ತಗ್ಗಿನ ಕೋಣೆಯಲ್ಲಿ ತಲೆಗೆ ತಗಲುವ ಭಯವಿಲ್ಲ, ಸ್ವಿಚ್ಚೂ ಹೊರಗೇ. 4 ಚದರ ಮಿಮೀ ತಾಮ್ರದ ವೈರ್, 16 ಆಂಪ್ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್. ಇದರಲ್ಲಿ ಚೌಕಾಶಿ ಬೇಡ.

60 ಡಿಗ್ರಿ ನೀರು ತೆಳುವಾದ ಮುದಿ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಮಾಮೂಲಿ ಮಿಕ್ಸರ್‌ನಲ್ಲಿ ಯಾರೋ ಫ್ಲಶ್ ಮಾಡಿದಾಗ ತಣ್ಣೀರಿನ ಒತ್ತಡ ಇಳಿದು ಬಿಸಿ ಏರುತ್ತದೆ. ಹಾಗಾಗಿ ಥರ್ಮೋಸ್ಟಾಟಿಕ್ ಮಿಕ್ಸರ್, 40 ಡಿಗ್ರಿಗೆ ನಿಲ್ಲಿಸಿದ್ದು. ತಣ್ಣೀರು ನಿಂತರೆ ಬಿಸಿಯನ್ನೂ ತಾನೇ ನಿಲ್ಲಿಸುತ್ತದೆ. ಬಿಸಿ-ತಣ್ಣೀರಿನ ಒತ್ತಡ ಹೆಚ್ಚುಕಡಿಮೆ ಸಮವಿದ್ದರೆ ಇದು ನೆಟ್ಟಗೆ ಕೆಲಸ ಮಾಡುತ್ತದೆ, ಹಾಗಾಗಿ ಎರಡೂ ಒಂದೇ ಟ್ಯಾಂಕಿನಿಂದ ಬರುವುದು ಒಳ್ಳೆಯದು. ಮಿಕ್ಸರನ್ನು ಬಾಗಿಲ ಚೌಕಟ್ಟಿನ ಪಕ್ಕದಲ್ಲೇ 3 ಅಡಿ ಎತ್ತರಕ್ಕೆ ಇಡಲಾಯಿತು: ಕೂತವರ ಬಲಗೈಗೂ ಸಿಗುತ್ತದೆ, ಸೊಸೆ ಒದ್ದೆಯಾಗದೆ ಬಾಗಿಲಿಂದಲೂ ತಿರುಗಿಸಬಹುದು. ಅಡ್ಡಗೋಡೆಯಲ್ಲಿ ಪೈಪಿಗಾಗಿ ಅಡ್ಡಕ್ಕೆ ಕೊರೆಯಲಿಲ್ಲ, ಮೇಲಿನಿಂದ ನೇರ ಇಳಿಸಲಾಯಿತು. ಹ್ಯಾಂಡ್ ಶವರಿಗೆ ಒಂದೂವರೆ ಮೀಟರ್ ಕೊಳವೆ. ಅದರ ಕೆಳಗೆ ಒಂದು ನಲ್ಲಿ, ಒಂದಡಿ ಎತ್ತರದ ಸ್ಟೂಲಿನ ಮೇಲೆ ಬಕೆಟ್. ಚೊಂಬಿಗೆ ಬಾಗಬೇಕಿಲ್ಲ.

ಉಳಿದವು ಬೇಗ ಮುಗಿದವು. 18 ಇಂಚು ಎತ್ತರದ ಕಮೋಡ್. ಕಮೋಡ್ ಮತ್ತು ಕುರ್ಚಿಯ ನಡುವೆ ಪರದೆ. ಹೊರಗೋಡೆಯಲ್ಲಿ 6 ಇಂಚಿನ ಎಕ್ಸಾಸ್ಟ್ ಫ್ಯಾನ್. ಆವಿ ನಿಂತರೆ ಮೆಟ್ಟಿಲಿನ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರುತ್ತದೆ. ನೆಲದಿಂದ ಒಂದಡಿ ಎತ್ತರದವರೆಗೆ ಹಗ್ಗ ಇಳಿಬಿಟ್ಟ ಕರೆಗಂಟೆ, ಬಿದ್ದವರ ಕೈಗೂ ಎಟುಕುವಂತೆ. ಕುರ್ಚಿ ಅಲ್ಯೂಮಿನಿಯಂ ಕಾಲಿನ, ರಬ್ಬರ್ ಬುಡದ ಸ್ನಾನದ ಕುರ್ಚಿ. ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯ ಕಾಲು ಒದ್ದೆ ಟೈಲ್ ಮೇಲೆ ಹರವಿಕೊಳ್ಳುತ್ತದೆ. ಸಾಮಾನಿನ ಲೆಕ್ಕ: ನೆಲದ ಟೈಲ್ 30 ಚದರಡಿ, ಗೋಡೆಗೆ 130, ಸಿಮೆಂಟ್ 5 ಚೀಲ, ಟೈಲ್ ಅಂಟು 20 ಕೆಜಿಯ 4 ಚೀಲ. ಒಟ್ಟು 16 ದಿನ. ಅದರಲ್ಲಿ 9 ದಿನ ಕಮೋಡ್ ಇರಲಿಲ್ಲ. ಅಷ್ಟು ದಿನಕ್ಕೆ ಅಜ್ಜಿಯ ರೂಮಿನಲ್ಲಿ ಬಾಡಿಗೆಗೆ ತಂದ ಕಮೋಡ್ ಕುರ್ಚಿ ಇತ್ತು. ಕೆಲಸ ಶುರುವಾಗುವ ಹಿಂದಿನ ದಿನವೇ ಅದು ಮನೆಗೆ ಬಂದಿರಬೇಕು.

ಬಳಕೆ ಶುರುವಾಗಿ ಮೂರನೇ ಶನಿವಾರ ನೀರು ನಿಧಾನವಾಯಿತು. ಜಾಲರಿ ಎತ್ತಿ ನೋಡಿದರೆ ಸೀಗೆಪುಡಿ, ಎಣ್ಣೆ, ಕೂದಲು ಸೇರಿ ಅಂಬಲಿಯಂತೆ ಗಟ್ಟಿಯಾಗಿತ್ತು. ಟ್ರ್ಯಾಪಿನ ಬಾಯಿಗೆ ಎತ್ತಿ ತೆಗೆಯುವ ಸಣ್ಣ ಜರಡಿ ಬುಟ್ಟಿ ಇಟ್ಟು, ಸೀಗೆಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಉಜ್ಜುವ ಅಭ್ಯಾಸ ಮಾಡಿಕೊಂಡ ಮೇಲೆ ಅದು ಮರುಕಳಿಸಿಲ್ಲ. ಎಣ್ಣೆಸ್ನಾನವಾದ ತಕ್ಷಣ ಬುಟ್ಟಿ ಖಾಲಿ ಮಾಡಿ ಒಂದು ಬಕೆಟ್ ಬಿಸಿನೀರು ಬಿಡುತ್ತಾರೆ. ತಿಂಗಳಿಗೊಮ್ಮೆ ಹ್ಯಾಂಡ್ ಶವರಿನ ತಲೆಯನ್ನು ರಾತ್ರಿ ವಿನೆಗರ್‌ನಲ್ಲಿ ನೆನೆಸಿಡುತ್ತಾರೆ, ಬೋರ್‌ವೆಲ್ ನೀರಿನ ಸುಣ್ಣ ತೂತುಗಳನ್ನು ಮುಚ್ಚದಿರಲೆಂದು. ಹಿಡಿಕೆಗಳ ಬೋಲ್ಟನ್ನು ಆರು ತಿಂಗಳಿಗೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು.